ಕೂಗಿದವರಿಗೆ ಅನ್ನ

ಹಸಿದವನು ತನ್ನ ಹಸಿವಿಗೆ ಸಾಕ್ಷಿ ತರಬೇಕಾಗಿಲ್ಲ, ಅವನ ಮೈಯೇ ಸಾಕ್ಷಿ ಹೇಳುತ್ತದೆ ಎಂದಾದರೆ ಹೇಗಿರುತ್ತದೆ? ಧಾರವಾಡದ ಮೂವರು ವಿದ್ಯಾರ್ಥಿಗಳ ತಲೆಗೆ ಈ ಪ್ರಶ್ನೆ ಬಂತು. ವಿದ್ಯಾರ್ಥಿಗಳ ತಲೆಗೆ ಬರುವ ಇಂಥ ಪ್ರಶ್ನೆಗಳು ಸಾಮಾನ್ಯವಾಗಿ ಪರೀಕ್ಷೆ ಮುಗಿದು ಊರಿಗೆ ಹೊರಡುವ ಹೊತ್ತಿಗೆ ಆರಿಹೋಗುತ್ತವೆ. ಇದು ಆರಲಿಲ್ಲ. ಗ್ರಹಚಾರಕ್ಕೆ ಇದಕ್ಕೆ ಬಹುಮಾನ ಬಂತು.

ಆ ಹೊತ್ತಿಗೆ ಕಲಬುರಗಿ, ಯಾದಗಿರಿ ಕಡೆಯ ಬೇಸಿಗೆ ಮನುಷ್ಯರು ತಾಳುವಂಥದ್ದಾಗಿ ಉಳಿದಿರಲಿಲ್ಲ. ಕೊಳವೆಯಲ್ಲಿ ನೀರು ಇರುವ ಊರಿನಲ್ಲೂ ಜನ ಮಧ್ಯಾಹ್ನ ಮನೆಯೊಳಗೇ ಬಿದ್ದು ಸಾಯುತ್ತಿದ್ದರು. ಹೋಳಿ ಹುಣ್ಣಿಮೆ ಕಳೆಯುತ್ತಲೇ ಊರಿಗೆ ಊರೇ ಎದ್ದು ಪಶ್ಚಿಮಕ್ಕೆ ನಡೆಯುವುದು ರೂಢಿಯಾಯಿತು. ಹಾಗೆ ನಡೆದು ಬಂದವರಿಗಾಗಿ ಧಾರವಾಡದಾಚೆ ಕಂಬಾರಗಟ್ಟಿ ಎಂಬಲ್ಲಿ ತಗಡಿನ ಶೆಡ್ಡುಗಳ ಒಂದು ಶಿಬಿರ ಎದ್ದಿತು. ಇದೇನೂ ನಮ್ಮಲ್ಲಿ ಮಾತ್ರ ಆದದ್ದಲ್ಲ. ಭೂಮಿಯ ಮೇಲೆ ಎಲ್ಲಿ ನೋಡಿದರೂ ಶಿಬಿರಗಳೇ. ಕೆಲವರನ್ನು ಬಿಸಿಲು ಅಟ್ಟಿತ್ತು, ಕೆಲವರನ್ನು ಸಮುದ್ರ, ಉಳಿದವರನ್ನು ಯುದ್ಧ.

ಪ್ರಣತಿ ಬೆಳವಡಿ ಎಂಬ ಹುಡುಗಿ ಎನ್ನೆಸ್ಸೆಸ್ ತಂಡದ ಜೊತೆ ಕಂಬಾರಗಟ್ಟಿಗೆ ಹೋದಳು. ಅಲ್ಲಿ ಒಬ್ಬ ಮುದುಕಿಯ ಹೆಬ್ಬೆರಳಿನ ಗೆರೆಗಳು ಸವೆದು ಹೋಗಿದ್ದವು. ಯಂತ್ರ ಅವಳನ್ನು ಗುರುತಿಸಲಿಲ್ಲ, ಗುರುತಿಸದವಳಿಗೆ ಅಕ್ಕಿ ಇಲ್ಲ. ಪಕ್ಕದಲ್ಲೇ ಒಬ್ಬ ಪುಢಾರಿಯ ಅಳಿಯ ತನ್ನ ಕಡೆಯವರಿಗೆ ಚೀಟಿ ಹಂಚುತ್ತ ನಿಂತಿದ್ದ. ಚೀಟಿ ಇದ್ದವರು ಚೀಲ ಹೊತ್ತು ನಡೆದರು. ಮುದುಕಿ ಮಾತ್ರ ತನ್ನ ಬೆರಳನ್ನು ಸೀರೆಗೆ ಉಜ್ಜಿ ಉಜ್ಜಿ ಮತ್ತೆ ಮತ್ತೆ ಒತ್ತುತ್ತಿದ್ದಳು. ಪ್ರಣತಿ ಹಾಸ್ಟೆಲಿಗೆ ಬಂದವಳು ಸಿಟ್ಟಿನಿಂದ ಅತ್ತಳು. ಆ ಸಿಟ್ಟು ನೂರಕ್ಕೆ ನೂರು ನಿಜವಾದದ್ದು. ಈ ಕಥೆಯಲ್ಲಿ ಕೆಟ್ಟವನು ಎನ್ನಬಹುದಾದವನು ಆ ಪುಢಾರಿಯ ಅಳಿಯ ಒಬ್ಬನೇ, ಅವನೂ ಇಲ್ಲಿಗೇ ಮುಗಿದ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ದೊಡ್ಡವರ ಸಭೆಗಳಿಂದ ಏನೂ ಆಗುವುದಿಲ್ಲ ಎಂದು ಜಗತ್ತಿಗೆ ಮನವರಿಕೆಯಾದ ಮೇಲೆ ವಿಶ್ವ ವಿದ್ಯಾರ್ಥಿ ಸಂಸತ್ತು ಎಂಬುದು ಶುರುವಾಗಿತ್ತು. ಮಾನವ ಹಕ್ಕುಗಳ ಬಗ್ಗೆ, ನಿರಾಶ್ರಿತರ ಬಗ್ಗೆ, ಯಾವ ಸಂಕಟದ ಬಗ್ಗೆ ಬೇಕಾದರೂ ವಿದ್ಯಾರ್ಥಿಗಳು ಪರಿಹಾರ ಸೂಚಿಸಬಹುದು. ಗೆದ್ದ ಪರಿಹಾರವನ್ನು ಜಾಗತಿಕ ಆಸರೆ ಮಂಡಳಿ ಎಂಬ ಸಂಸ್ಥೆ ಎಲ್ಲ ದೇಶಗಳಲ್ಲೂ ಜಾರಿಗೆ ತರುತ್ತದೆ. ಏರ್ಪಾಡು ಚೆನ್ನಾಗಿಯೇ ಇತ್ತು. ಸರಿ ಹೋದರೆ ಮಂಡಳಿಗೆ ಹೆಸರು, ಕೆಟ್ಟರೆ ಪಾಪ, ಹುಡುಗರು.

ಪ್ರಣತಿ ಇಬ್ಬರು ಗೆಳೆಯರನ್ನು ಕೂಡಿಸಿಕೊಂಡಳು. ಅರ್ಬಾಜ್ ನದಾಫ್ ಎಲೆಕ್ಟ್ರಾನಿಕ್ಸ್ ಹುಡುಗ, ಕೆಟ್ಟ ಮೊಬೈಲು ಕಂಡರೆ ಬಿಚ್ಚದೆ ಬಿಡುತ್ತಿರಲಿಲ್ಲ. ಚಿನ್ಮಯ ಗಲಗಲಿ ವೈದ್ಯಕೀಯ ಓದುತ್ತಿದ್ದ. ಹಸಿವಾದಾಗ ಮೈಯಲ್ಲಿ ಏನೇನು ಏರುತ್ತದೆ ಎಂದು ಚಿನ್ಮಯ ಹೇಳಿದ. ಹೊಟ್ಟೆ ತನ್ನದೊಂದು ಹಾರ್ಮೋನನ್ನು ಬಿಡುತ್ತದೆ, ದುಗುಡದ ಹಾರ್ಮೋನು ಬೇರೆ ಏರುತ್ತದೆ, ಎದೆಬಡಿತ ಬದಲಾಗುತ್ತದೆ, ಚರ್ಮದ ಬೆವರು ಬದಲಾಗುತ್ತದೆ. ಇವನ್ನೆಲ್ಲ ಬೆವರಿನಿಂದಲೇ ಅಳೆದು, ಕೂಡಿಸಿ, ಒಂದೇ ಬಣ್ಣದಲ್ಲಿ ತೋರಿಸುವ ಮುಂಗೈ ಪಟ್ಟಿಯೊಂದನ್ನು ಅರ್ಬಾಜ್ ಮಾಡಿದ. ಹಸಿರೆಂದರೆ ಚಿಂತೆಯಿಲ್ಲ, ಗಂಜಿ ಸಾಕು. ಹಳದಿಯೆಂದರೆ ಪೂರ್ತಿ ಊಟ. ಕೆಂಪೆಂದರೆ ಪುಷ್ಟಿಯ ವಿಶೇಷ ಆಹಾರ, ಆಸ್ಪತ್ರೆ, ಎಲ್ಲ. ಅನ್ನದ ಕಿಂಡಿಯ ಮುಂದೆ ಬಂದು ನಿಂತಾಗ ಮೈ ಎಷ್ಟು ಜೋರಾಗಿ ಕೂಗುತ್ತದೋ ಅಷ್ಟು ಬಡಿಸಬೇಕು. ಕಾರ್ಡು ಬೇಡ, ಹೆಬ್ಬೆಟ್ಟು ಬೇಡ, ಪುಢಾರಿ ಬೇಡ. ಪ್ರಣತಿ ಅದಕ್ಕೆ ‘ದನಿ’ ಎಂದು ಹೆಸರಿಟ್ಟಳು.

ಇನ್ನು ಉಳಿದದ್ದು ಅಳತೆಗೋಲು. ಇಷ್ಟಿದ್ದರೆ ಹಸಿರು, ಇಷ್ಟಾದರೆ ಕೆಂಪು ಎಂದು ಯಂತ್ರಕ್ಕೆ ಕಲಿಸಲು ಹಸಿದವರು ಬೇಕು. ಯಾರನ್ನಾದರೂ ಬೇಕೆಂದೇ ಉಪವಾಸ ಕೆಡವಲು ನೈತಿಕ ಸಮಿತಿ ಒಪ್ಪುವುದಿಲ್ಲ ಎಂದು ಅವರ ಪ್ರಾಧ್ಯಾಪಕ ಉಮಾಪತಿ ಕೊಣ್ಣೂರ ಎಚ್ಚರಿಸಿದರು. ಆಮೇಲೆ ಅವರೇ ದಾರಿಯನ್ನೂ ತೋರಿಸಿದರು. ಆ ವರ್ಷ ಶಿವರಾತ್ರಿ, ರಂಜಾನ್ ಒಂದೇ ತಿಂಗಳಲ್ಲಿ ಬಂದಿದ್ದವು. ಹುಡುಗರು ಹೇಗೂ ಉಪವಾಸ ಮಾಡುತ್ತಾರಲ್ಲ, ಅವರ ಕೈಗೇ ಪಟ್ಟಿ ಕಟ್ಟಿರಿ ಅಂದರು.

ಕಟ್ಟಿದರು. ಅರ್ಬಾಜ್ ಮತ್ತು ಅವನ ಕೋಣೆಯವರು ರೋಜಾ ಹಿಡಿದಾಗ ಕಟ್ಟಿದರು. ಶಿವರಾತ್ರಿಗೆ ಇಡೀ ಹಾಸ್ಟೆಲಿಗೆ ಕಟ್ಟಿದರು. ನಮ್ಮ ಕಡೆಯ ಶಿವರಾತ್ರಿ ಉಪವಾಸ ಎಂಥದ್ದೆಂದು ಗೊತ್ತಿದೆಯಲ್ಲ. ಮುಂಜಾನೆ ಸಾಬುದಾನಿ ಖಿಚಡಿ, ಮಧ್ಯಾಹ್ನ ಶೇಂಗಾ ಉಂಡಿ, ಬಾಳೆಹಣ್ಣು, ಸಂಜೆಗೆ ಗೆಣಸು. ಅಷ್ಟನ್ನು ತಿಂದೂ ಹುಡುಗರು ಇಳಿಹೊತ್ತಿಗೆ ಹಸಿವು ಹಸಿವು ಎಂದು ಹೊರಳಾಡಿದರು. ರೋಜಾ ಹಿಡಿದವರೇನೋ ನೀರನ್ನೂ ಮುಟ್ಟಿರಲಿಲ್ಲ. ಆದರೆ ಸಂಜೆಯ ಆಜಾನಿಗೆ ಖರ್ಜೂರ, ಸಮೋಸ, ಬಿರಿಯಾನಿ ಸಾಲಾಗಿ ಬರುತ್ತವೆಂದು ಅವರ ಮೈಗೆ ಚೆನ್ನಾಗಿ ತಿಳಿದಿತ್ತು. ಮೆಸ್ಸಿನಿಂದ ಒಗ್ಗರಣೆಯ ವಾಸನೆ ತೇಲಿ ಬಂದ ಕ್ಷಣ ಎಲ್ಲರ ಪಟ್ಟಿಗಳೂ ಒಟ್ಟಿಗೇ ಕೆಂಪಾದವು. ಚಿನ್ಮಯ ಕುಣಿದಾಡಿದ. ಮನುಷ್ಯನ ಹಸಿವಿನ ತುತ್ತತುದಿ ಸಿಕ್ಕಿತು ಎಂದುಕೊಂಡರು. ಅದನ್ನೇ ಜಗತ್ತಿಗೆಲ್ಲ ಅಳತೆಗೋಲು ಮಾಡಿದರು.

ಜಿನೀವಾದಲ್ಲಿ ಪ್ರಣತಿ ಮಾತಾಡಿದ್ದನ್ನು ನಾನೂ ಪರದೆಯ ಮೇಲೆ ನೋಡಿದ್ದೇನೆ. ಇಳಕಲ್ ಸೀರೆ ಉಟ್ಟಿದ್ದಳು. ಆ ಮುದುಕಿಯ ಹೆಬ್ಬೆರಳಿನ ಕಥೆ ಹೇಳಿದಳು. ಬಡವರಿಗೆ ಬೇಕಾದದ್ದು ಮನುಷ್ಯನ ಕೈ ಸೋಕದ ಕರುಣೆ ಎಂದಳು. ಕೈ ಇದ್ದಲ್ಲಿ ಪಕ್ಷಪಾತ ಇರುತ್ತದೆ, ಲಂಚ ಇರುತ್ತದೆ, ಜಾತಿ ಇರುತ್ತದೆ. ಆದ್ದರಿಂದ ಪಟ್ಟಿ ಹೇಳಿದ್ದನ್ನು ಯಾವ ಅಧಿಕಾರಿಯೂ, ಯಾವ ಮಂತ್ರಿಯೂ, ಯಾವ ವೈದ್ಯನೂ ತಿದ್ದಕೂಡದು ಎಂಬ ನಿಯಮವನ್ನು ತಾನೇ ಬರೆದು ಸೇರಿಸಿದ್ದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರನ್ನೂ ಉಪವಾಸ ಕೆಡವದೆ, ತಮ್ಮ ಸಂಸ್ಕೃತಿಯ ಆಚರಣೆಯಿಂದಲೇ ಅಳತೆ ಪಡೆದ ಈ ಮಕ್ಕಳ ಸೂಕ್ಷ್ಮ ಮನಸ್ಸನ್ನು ತೀರ್ಪುಗಾರರು ವಿಶೇಷವಾಗಿ ಮೆಚ್ಚಿಕೊಂಡರು. ದಾನ ಕೊಡುವ ದೇಶಗಳಿಗಂತೂ ಬಹಳ ಹಿಡಿಸಿತು. ಕೇಳಿದಷ್ಟೇ ಕೊಟ್ಟರಾಯಿತು, ಕೇಳದಿದ್ದರೆ ಕೊಡಬೇಕಿಲ್ಲ.

ಪದವಿ ಮುಗಿದದ್ದೇ ಪ್ರಣತಿಗೆ ಮಂಡಳಿಯಲ್ಲೇ ಕೆಲಸ ಸಿಕ್ಕಿತು. ಜಿನೀವಾದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯುದ್ದಕ್ಕೂ ಭೂಮಿಯ ನಕ್ಷೆ. ಒಂದೊಂದು ಶಿಬಿರವೂ ಒಂದೊಂದು ಚುಕ್ಕೆ. ಹೊಸದಾಗಿ ಎದ್ದ ಶಿಬಿರ ಮೊದಲು ಕೆಂಪಾಗಿ ಮಿನುಗುತ್ತದೆ, ಕೆಲವು ವಾರಗಳಲ್ಲಿ ಹಳದಿಯಾಗುತ್ತದೆ, ಆಮೇಲೆ ಹಸಿರಾಗಿ ನಿಲ್ಲುತ್ತದೆ. ಹಸಿರಾದ ದಿನ ಕೊಠಡಿಯವರು ಕೇಕ್ ಕತ್ತರಿಸುತ್ತಿದ್ದರು. ನಿರ್ದೇಶಕ ಹೆನ್ರಿಕ್ ಲೂಂಡ್ ಒಳ್ಳೆಯ ಮನುಷ್ಯ. ಪ್ರತಿ ಚುಕ್ಕೆಯ ಹೆಸರನ್ನೂ ಬಾಯಿಪಾಠ ಮಾಡಿಕೊಂಡಿದ್ದ. ಕಂಬಾರಗಟ್ಟಿ ಎಂದು ಉಚ್ಚರಿಸಲು ಪ್ರಣತಿಯಿಂದ ಕಲಿತಿದ್ದ. ಅಪರೂಪಕ್ಕೆ ಒಂದು ಹಸಿರು ಚುಕ್ಕೆ ಸಣ್ಣದಾಗುತ್ತ ಬಂದರೆ ಶಿಬಿರದಿಂದ ಜನ ಊರಿಗೆ ಮರಳುತ್ತಿದ್ದಾರೆ ಎಂದು ಸಂತೋಷಪಡುತ್ತಿದ್ದ. ಪ್ರಣತಿಯೂ ಸಂತೋಷಪಡುತ್ತಿದ್ದಳು.

ಅಕ್ಕ ಸ್ಫೂರ್ತಿಯ ಕುಬಸಕ್ಕೆಂದು ಅವಳು ರಜೆ ಹಾಕಿ ಧಾರವಾಡಕ್ಕೆ ಬಂದಳು. ಬಸುರಿಗೆ ಕುಬಸ ಮಾಡುವ ಮನೆಯೆಂದರೆ ಕೇಳಬೇಕೆ. ಹೋಳಿಗೆ, ಕರ್ಚಿಕಾಯಿ, ಚಿತ್ರಾನ್ನ, ಮೊಸರನ್ನ. ನೆರೆಮನೆಯ ಹೆಂಗಸರು ಸರದಿಯ ಮೇಲೆ ಬಂದು ಸ್ಫೂರ್ತಿಯ ಬಾಯಿಗೆ ತುತ್ತು ಇಡುತ್ತಿದ್ದರು. ಅವ್ವ ಪ್ರಣತಿಯ ಗದ್ದ ಹಿಡಿದು ಸೊರಗಿ ಹೋಗಿದ್ದೀ ಎಂದು ಮರುಗಿದಳು, ಬೇಡವೆಂದರೂ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿ ಅದರ ಮೇಲೆ ತುಪ್ಪ ಸುರಿದಳು. ಊಟ ಇನ್ನೂ ಮುಗಿದಿರಲಿಲ್ಲ, ಚಿನ್ಮಯನ ಫೋನು ಬಂತು. ಅವನು ಓದು ಮುಗಿಸಿ ಕಂಬಾರಗಟ್ಟಿಯಲ್ಲೇ ವೈದ್ಯನಾಗಿ ಸೇರಿದ್ದ. ಹೇಗಿದ್ದೀ, ಯಾವಾಗ ಬಂದೆ ಎಂಬ ಮಾತೇ ಇಲ್ಲ.

“ನಿಮ್ಮ ನಕ್ಷಾದಾಗ ನಮ್ಮ ಶಿಬಿರ ಯಾವ ಬಣ್ಣ ಅದ?” ಎಂದ.

“ಹಸರ. ಭಾಳ ದಿನಾ ಆತು ಹಸರಾಗಿ.”

“ನಾಳೆ ಒಂದು ಸರ್ತೆ ಬಾ. ಹಸರ ಅಂದ್ರ ಹೆಂಗಿರ್ತದ ನೋಡಿ ಹೋಗು.”

ಮರುದಿನ ಅವಳು ಹೋದಳು. ಅವ್ವ ಕಟ್ಟಿಕೊಟ್ಟ ಕರ್ಚಿಕಾಯಿಯ ಡಬ್ಬಿಯನ್ನು ಗೇಟಿನಲ್ಲೇ ತೆಗೆದಿಟ್ಟುಕೊಂಡರು. ಹಿಂದೊಮ್ಮೆ ಯಾರೋ ಪುಣ್ಯಾತ್ಮರು ತಂದು ಹಂಚಿದ ಹಳಸಿದ ಅನ್ನದಿಂದ ಬಹಳ ಜನ ಕಾಯಿಲೆ ಬಿದ್ದಿದ್ದರಂತೆ. ಅಂದಿನಿಂದ ಹೊರಗಿನ ಒಂದು ಕಾಳೂ ಒಳಗೆ ಹೋಗುವಂತಿಲ್ಲ. ಚಿನ್ಮಯ ಅಂಗಿಯೊಳಗೆ ಶೇಂಗಾ ಉಂಡಿ ಬಚ್ಚಿಟ್ಟುಕೊಂಡು ಬಂದು ಎರಡು ಸಲ ಸಿಕ್ಕಿಬಿದ್ದಿದ್ದ. ಮೂರನೆಯ ಸಲ ಸಿಕ್ಕರೆ ಅವನನ್ನೇ ಹೊರಹಾಕುತ್ತಾರೆ, ಆಗ ಶಿಬಿರಕ್ಕೆ ವೈದ್ಯನೂ ಇಲ್ಲ. ಅವನ ಮುಖದ ಮೇಲೆ ವಯಸ್ಸಿಗೆ ಮೀರಿದ ಗೆರೆಗಳು ಬಿದ್ದಿದ್ದವು.

ಶಿಬಿರದಲ್ಲಿ ಅವಳಿಗೆ ಮೊದಲು ತಟ್ಟಿದ್ದು ಮೌನ. ಅಷ್ಟು ಮಕ್ಕಳಿದ್ದಾರೆ, ಒಂದಾದರೂ ಅಳುತ್ತಿಲ್ಲ, ಓಡುತ್ತಿಲ್ಲ, ಜಗಳವಾಡುತ್ತಿಲ್ಲ. ಶೆಡ್ಡುಗಳ ನೆರಳಿನಲ್ಲಿ ಸಾಲಾಗಿ ಕುಳಿತಿದ್ದವು. ಚಿನ್ಮಯ ಪತ್ರಿಕೆಯವರನ್ನೂ ಕರೆಸಿದ್ದನಂತೆ. ಅವರು ಫೋಟೋ ಹಿಡಿದು, ಎಷ್ಟು ಶಿಸ್ತಿನ ಮಕ್ಕಳು, ಇಂಥ ಸ್ಥಿತಿಯಲ್ಲೂ ಎಂಥ ತಾಳ್ಮೆ ಎಂದು ಬರೆದು ಹೋದರಂತೆ.

ಅವನು ಅವಳನ್ನು ಗೌರಾಬಾಯಿಯ ಶೆಡ್ಡಿಗೆ ಕರೆದುಕೊಂಡು ಹೋದ. ಗೌರಾಬಾಯಿ ಕಲಬುರಗಿ ಕಡೆಯವಳು, ಬೇಳೆ ಮಿಲ್ಲಿನಲ್ಲಿ ದುಡಿಯುತ್ತಿದ್ದವಳು. ಗಂಡ ನಡೆದು ಬರುವ ದಾರಿಯಲ್ಲೇ ಬಿಸಿಲಿಗೆ ಸತ್ತ. ದಾರಿಯುದ್ದಕ್ಕೂ ಸಿಕ್ಕಿದ್ದನ್ನು ತಿಂದು, ಸಿಗದಿದ್ದರೆ ಬಿಟ್ಟು, ಅಲ್ಲಲ್ಲಿ ತಂಗುತ್ತ ಎರಡು ತಿಂಗಳು ನಡೆದು ಮಗಳು ಅಂಬಿಕಾಳನ್ನು ಎತ್ತಿಕೊಂಡು ಇಲ್ಲಿ ಸೇರಿದ್ದಳು. ಅಂಬಿಗೆ ನಾಲ್ಕು ವರ್ಷ, ನೋಡಿದರೆ ಎರಡು ಎನ್ನಬೇಕು. ಕೂದಲು ಕೆಂಚಾಗಿತ್ತು. ಪಾದಗಳು ಊದಿದ್ದವು. ಮೂಗಿನ ಮೇಲೆ ನೊಣ ಕುಳಿತರೆ ಓಡಿಸಿಕೊಳ್ಳುತ್ತಿರಲಿಲ್ಲ. ಮುಂಗೈಯಲ್ಲಿದ್ದ ಪಟ್ಟಿ ಅಚ್ಚ ಹಸಿರು.

ಶಿಬಿರದ ಹೆಂಗಸರು ದನಿ ಪಟ್ಟಿಯನ್ನು ಬಳಿ, ಎಂದರೆ ಬಳೆ, ಎನ್ನುತ್ತಿದ್ದರು. ಮೊದಮೊದಲು ಹಸಿರು ಬಳಿ ಎಂದು ಖುಷಿಪಟ್ಟಿದ್ದರಂತೆ, ಮುತ್ತೈದೆಯರ ಬಣ್ಣವಲ್ಲವೇ. ಹಸಿರಿಗೆ ಬರೀ ಗಂಜಿ ಎಂದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ.

ಪಟ್ಟಿ ಕೆಟ್ಟಿದೆ ಎಂದಳು ಪ್ರಣತಿ. ಚಿನ್ಮಯ ತಲೆಯಾಡಿಸಿದ. ಮೂರು ಸಲ ಬದಲಿಸಿದ್ದಾನೆ. ಪಟ್ಟಿ ಸರಿಯಾಗಿಯೇ ಇದೆ. ಕೂಸಿನ ಮೈಯಲ್ಲಿ ಏರಬೇಕಾದದ್ದು ಯಾವುದೂ ಏರುತ್ತಿಲ್ಲ. ಬಹಳ ದಿನ ಹಸಿದ ದೇಹ ಸುಮ್ಮನಾಗಿಬಿಡುತ್ತದೆ, ಇರುವ ಚೂರು ಶಕ್ತಿಯನ್ನು ಕೂಗಿ ಕಳೆಯುವುದಿಲ್ಲ. ಹೊಟ್ಟೆಗೆ ಬೇಕೆನಿಸುವುದೇ ನಿಂತುಹೋಗುತ್ತದೆ. ಗಂಜಿಯ ಮೇಲೆ ನಿಧಾನವಾಗಿ ಕೃಶವಾದವರೂ ಹೀಗೆಯೇ. ಒಂದು ಹೊತ್ತು ಊಟ ತಪ್ಪಿದವನ ಪಟ್ಟಿ ಕೆಂಪಾಗುತ್ತದೆ, ಸಾಯುತ್ತಿರುವವನದು ಹಸಿರಾಗಿರುತ್ತದೆ.

“ಶಿವರಾತ್ರಿ ದಿನ ನಮ್ಮ ಹೊಟ್ಟಿ ಯಾಕ ಅಷ್ಟು ಒದರ್ತಿತ್ತು ಹೇಳು” ಎಂದ ಚಿನ್ಮಯ. “ಮರುದಿನ ಮುಂಜಾನೆ ಉಪ್ಪಿಟ್ಟು ಬರ್ತದ ಅಂತ ಅದಕ್ಕ ಖಾತ್ರಿ ಇತ್ತು. ಈ ಕೂಸು ಯಾವ ಖಾತ್ರಿ ಮ್ಯಾಲೆ ಒದರಬೇಕು?”

ಪ್ರಣತಿ ಗೌರಾಬಾಯಿ ಹಾಸಿದ ಗೋಣಿಚೀಲದ ಮೇಲೆ ಕುಳಿತುಬಿಟ್ಟಳು. ಕೆಂಪು, ಹಳದಿ, ಹಸಿರು ಎಂದು ಗೋಡೆಯ ನಕ್ಷೆಯಲ್ಲಿ ಬದಲಾಗುತ್ತಿದ್ದ ಚುಕ್ಕೆಗಳೆಲ್ಲ ನೆನಪಾದವು. ಸಣ್ಣದಾಗುತ್ತ ಹೋದ ಚುಕ್ಕೆಗಳೂ ನೆನಪಾದವು. ಹಸಿರಾದ ದಿನ ಕೇಕ್ ತಿಂದದ್ದು, ಊರಿಗೆ ಮರಳಿದರು ಎಂದು ಸಂತೋಷಪಟ್ಟದ್ದು ನೆನಪಾಯಿತು. ಇಲ್ಲಿ ಸತ್ತವರ ಬಗ್ಗೆ ಏನೆಂದು ಬರೆಯುತ್ತೀ ಎಂದು ಕೇಳಿದಳು. ಬಿಸಿಲ ಹೊಡೆತ ಎಂದು ಬರೆಯುತ್ತೇನೆ, ಹಸಿವು ಎಂದು ಬರೆದರೆ ಯಂತ್ರ ತಕ್ಕೊಳ್ಳುವುದಿಲ್ಲ, ಪಟ್ಟಿ ಹಸಿರಾಗಿತ್ತಲ್ಲ ಅನ್ನುತ್ತದೆ ಎಂದ.

ಶಿಬಿರದ ಕಚೇರಿಯಿಂದಲೇ ಅವಳು ಜಿನೀವಾಕ್ಕೆ ಮಾತಾಡಿದಳು. ಪರದೆಯ ಮೇಲೆ ಹೆನ್ರಿಕ್ ಲೂಂಡ್ ಬಂದ. ಅವನು ಪೂರ್ತಿ ಕೇಳಿದ, ನಡುವೆ ಒಂದು ಸಲವೂ ತಡೆಯಲಿಲ್ಲ. ಕಣ್ಣುಗಳು ಒದ್ದೆಯಾದವು. ಅವಳು ಹೇಳಿದ್ದನ್ನು ಸುಳ್ಳು ಎನ್ನಲೂ ಇಲ್ಲ. ಅಳತೆಗೋಲು ತಿದ್ದೋಣ, ಖಂಡಿತ ತಿದ್ದೋಣ ಎಂದ. ಆದರೆ ತಿದ್ದಲು ಬಹುಕಾಲ ಹಸಿದವರ ಮೈಯ ಅಳತೆಗಳು ಬೇಕಲ್ಲ. ಹಸಿದವರನ್ನು ಹಸಿದಿರುವಾಗಲೇ ಇಟ್ಟುಕೊಂಡು ಅಳೆಯುವುದು ಮಾನವ ಹಕ್ಕುಗಳ ಉಲ್ಲಂಘನೆ, ನೈತಿಕ ಸಮಿತಿ ಒಪ್ಪುವ ಮಾತೇ ಇಲ್ಲ.

ಅಲ್ಲಿಯವರೆಗೆ ಪಟ್ಟಿಯನ್ನು ಬದಿಗಿಟ್ಟು ವೈದ್ಯರ ಮಾತಿನ ಮೇಲೆ ಆಹಾರ ಕೊಡಿ ಎಂದಳು ಪ್ರಣತಿ. ಅದಕ್ಕೆ ನಿಯಮ ಅಡ್ಡ ಬರುತ್ತದಲ್ಲ, ನಿನ್ನದೇ ನಿಯಮ ಎಂದ ಲೂಂಡ್. ಗೋದಾಮಿನ ಬೀಗಕ್ಕೂ, ಆಸ್ಪತ್ರೆಗೆ ಹೊರಬಿಡುವ ಗೇಟಿಗೂ ಪಟ್ಟಿಯ ಬಣ್ಣವೇ ಕೀಲಿಕೈ, ಮಂಡಳಿಯಲ್ಲಿ ಯಾರ ಹತ್ತಿರವೂ ಬೇರೆ ಕೀಲಿಕೈ ಇಲ್ಲ. ನಿಯಮ ಬದಲಿಸುವ ಅಧಿಕಾರ ವಿದ್ಯಾರ್ಥಿ ಸಂಸತ್ತಿಗೆ ಮಾತ್ರ, ಅದು ಸೇರುವುದು ಮುಂದಿನ ವರ್ಷ. ತಾನೇ ಹೋಗಿ ಮಂಡಿಸುತ್ತೇನೆ ಎಂದಳು. ಅವನು ನಿಜವಾದ ಸಂಕಟದಿಂದ ಕೈ ಹಿಸುಕಿಕೊಂಡ. ಅಲ್ಲಿ ಮಂಡಿಸಬೇಕಾದರೆ ವಿದ್ಯಾರ್ಥಿಯಾಗಿರಬೇಕು, ನೀನೀಗ ನಮ್ಮಲ್ಲಿ ನೌಕರಿಯಲ್ಲಿದ್ದೀ ಎಂದು ನೆನಪಿಸಿದ. ಯಾವುದಾದರೂ ಒಳ್ಳೆಯ ಕಾಲೇಜಿನ ಹುಡುಗರನ್ನು ಹುರಿದುಂಬಿಸು ಎಂದು ಸಲಹೆಯನ್ನೂ ಕೊಟ್ಟ.

ಅರ್ಬಾಜನಿಗೆ ಫೋನು ಮಾಡಿದಳು. ಅವನು ಆಗ ಪಟ್ಟಿ ತಯಾರಿಸುವ ಕಾರ್ಖಾನೆಯಲ್ಲಿ ಮುಖ್ಯಸ್ಥನಾಗಿದ್ದ. ಬಣ್ಣ ಬದಲಿಸುವ ಉಪಾಯ ಏನಾದರೂ ಇದೆಯೇ ಎಂದು ಕೇಳಿದಳು. ಯಾರೂ ಮೋಸ ಮಾಡದ ಹಾಗೆ ಮಾಡು ಎಂದು ನೀನೇ ಹೇಳಿದ್ದಿ, ಮಾಡಿದೆ, ನನ್ನಿಂದಲೂ ಈಗ ಆಗುವುದಿಲ್ಲ ಎಂದ. ಪಟ್ಟಿ ಕೆಂಪಾಗಬೇಕಾದರೆ ಮೈ ಕೂಗಲೇಬೇಕು, ಬೇರೆ ದಾರಿಯಿಲ್ಲ ಎಂದು ಫೋನಿಟ್ಟ.

ಈ ಸಂಗತಿ ಶಿಬಿರದ ತಾಯಂದಿರಿಗೆ ಆಗಲೇ ಗೊತ್ತಿತ್ತು. ಯಾರೂ ಅವರಿಗೆ ಹಾರ್ಮೋನಿನ ಪಾಠ ಹೇಳಿರಲಿಲ್ಲ. ಒಂದು ದಿನ ಕಿಂಡಿಯ ಹತ್ತಿರ ಒಂದು ಕೂಸನ್ನು ನಾಯಿ ಅಟ್ಟಿಸಿಕೊಂಡು ಬಂತು, ಕೂಸಿನ ಪಟ್ಟಿ ಕೆಂಪಾಯಿತು, ವಿಶೇಷ ಆಹಾರದ ಪೊಟ್ಟಣ ಹೊರಬಿತ್ತು. ಅಷ್ಟೇ ಸಾಕಾಯಿತು. ಹೊಟ್ಟೆಗೆ ಕೂಗುವ ಶಕ್ತಿ ಇಲ್ಲದಿದ್ದರೂ ಅಂಜಿದ ಎದೆ ಕೂಗುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಅಂದಿನಿಂದ ಮಧ್ಯಾಹ್ನದ ಗಂಟೆಗೆ ಮುಂಚೆ ಶೆಡ್ಡುಗಳ ಹಿಂದೆ ತಾಯಂದಿರು ಮಕ್ಕಳನ್ನು ಅಂಜಿಸತೊಡಗಿದರು. ಕೆಲವರು ನೀರಿನ ಟಾಕಿಯ ಮೇಲೆ ಹಿಡಿದು ತೂಗಾಡಿಸಿದರು. ಕೆಲವರು ಸೌಟು ಕಾಯಿಸಿ ತೋರಿಸಿದರು, ತೋರಿಸಿದ್ದಕ್ಕೆ ಕೂಸು ಅಂಜದಿದ್ದಾಗ ಮುಟ್ಟಿಸಿದರು. ಚಿನ್ಮಯ ದಿನವೂ ಆ ಸುಟ್ಟ ಗಾಯಗಳಿಗೆ ಮುಲಾಮು ಹಚ್ಚುತ್ತಿದ್ದ. ಬೈಯುವುದನ್ನು ಎಂದೋ ಬಿಟ್ಟಿದ್ದ. ಆ ಹೊಡೆತ ತಿಂದ ಮಕ್ಕಳಷ್ಟೇ ಬದುಕಿ ಉಳಿಯುತ್ತಿದ್ದವು.

ಪ್ರಣತಿ ಗೌರಾಬಾಯಿಯ ಶೆಡ್ಡಿಗೆ ಮರಳಿ ಬಂದಾಗ ಗಂಟೆ ಹೊಡೆಯುವ ಹೊತ್ತಾಗುತ್ತಿತ್ತು. ನನ್ನಿಂದ ಏನೂ ಆಗಲಿಲ್ಲ ಎಂದು ಹೇಳಿ ತಲೆ ತಗ್ಗಿಸಿ ನಿಂತಳು. ಗೌರಾಬಾಯಿ ಸಿಟ್ಟಾಗಲಿಲ್ಲ. ಈ ಹುಡುಗಿ ಯಾರು, ಬಳಿ ಮಾಡಿದವರು ಯಾರು ಎಂಬುದೆಲ್ಲ ಅವಳಿಗೆ ಬೇಕಾಗಿಯೂ ಇರಲಿಲ್ಲ. ಅವಳು ಪ್ರಣತಿಯ ಮುಖವನ್ನು, ಅವಳ ಪ್ಯಾಂಟು ಅಂಗಿಯನ್ನು, ಕೊರಳಿಗೆ ಹಾಕಿದ್ದ ಮಂಡಳಿಯ ಬಿಲ್ಲೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಚಿನ್ಮಯನನ್ನು ಹೊರಗೆ ಕಳಿಸಿ ಹತ್ತಿರ ಬಂದಳು.

“ಅಕ್ಕಾರ, ಒಂದ್ ಕೆಲ್ಸ ಮಾಡ್ತೀರೇನ್ರಿ?” ಎಂದಳು. “ನಾ ಹೊಡದ್ ನೋಡೀನಿ, ಟಾಕಿ ಮ್ಯಾಲ ಹಿಡದ್ ನೋಡೀನಿ. ಈಗ ಇಕಿ ನನಗ ಅಂಜಂಗಿಲ್ರಿ. ಡಾಕ್ಟರ್‌ಗೂ ಅಂಜಂಗಿಲ್ಲ, ಗುರ್ತ ಹಿಡೀತಾಳ. ನೀವು ಹೊಸಬರು ಅದೀರಿ.”

ಏನು ಮಾಡಬೇಕು ಎಂದು ಪ್ರಣತಿಗೆ ಮೊದಲು ಅರ್ಥವಾಗಲಿಲ್ಲ.

“ಇಕಿನ್ನ ನನ್ನ ಕೈಯಿಂದ ಕಸ್ಗೊಂಡು ಹೋಗ್ರಿ. ನಿಮ್ಮವ್ವ ಬ್ಯಾಡಂದಾಳ, ನಾ ಒಯ್ತೀನಿ ಅನ್ರಿ. ಕಿಂಡಿ ತನಕ ಹಿಂದ್ ನೋಡಬ್ಯಾಡ್ರಿ.”

ಆಗುವುದಿಲ್ಲ ಎಂದಳು ಪ್ರಣತಿ. ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಬಾಯಲ್ಲಿ ಮಕ್ಕಳ ಹಕ್ಕುಗಳ ಒಪ್ಪಂದದ ಮಾತುಗಳು ಬಂದು ನಿಂತವು. ಎಷ್ಟು ಸಭೆಗಳಲ್ಲಿ ಎಷ್ಟು ಚೆನ್ನಾಗಿ ಹೇಳಿದ್ದ ಮಾತುಗಳು. ಈ ಶೆಡ್ಡಿನಲ್ಲಿ ಅವುಗಳನ್ನು ಯಾರಿಗೆ ಹೇಳುವುದು? ಗೌರಾಬಾಯಿ ಮತ್ತೆ ಬೇಡಿಕೊಳ್ಳಲಿಲ್ಲ, ಅಳಲೂ ಇಲ್ಲ. ಸೆರಗಿನಿಂದ ಕೂಸಿನ ಮೂಗು ಒರೆಸಿ, ಕೆಂಚು ಕೂದಲನ್ನು ಕೈಯಿಂದಲೇ ಬಾಚಿ, ಎಲ್ಲಿಗೋ ಕಳಿಸುವವಳಂತೆ ಅಣಿ ಮಾಡತೊಡಗಿದಳು. ಹೊರಗೆ ಗಂಟೆ ಹೊಡೆಯಿತು. ಅರ್ಧ ತಾಸು ಕಳೆದರೆ ಕಿಂಡಿ ಮುಚ್ಚುತ್ತದೆ. ಈ ಕೂಸಿಗೆ ಇನ್ನೊಂದು ವಾರವೂ ಕಷ್ಟ ಎಂದು ಚಿನ್ಮಯ ದಾರಿಯಲ್ಲೇ ಹೇಳಿದ್ದ.

ಪ್ರಣತಿ ಬಗ್ಗಿ ಅಂಬಿಯನ್ನು ಎತ್ತಿಕೊಂಡಳು. ತೂಕವೇ ಇರಲಿಲ್ಲ. ಕೂಸು ಅವಳ ಮುಖವನ್ನು ನೋಡಿತು, ಬಿಲ್ಲೆಯನ್ನು ನೋಡಿತು, ಸುಮ್ಮನಿತ್ತು. ಪಟ್ಟಿ ಹಸಿರಾಗಿಯೇ ಇತ್ತು. ಗೌರಾಬಾಯಿ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಪ್ರಣತಿ ಶೆಡ್ಡಿನಿಂದ ಹೊರಗೆ ಬಂದು ನಡೆಯತೊಡಗಿದಳು. ಎರಡು ಶೆಡ್ಡು ದಾಟಿದ ಮೇಲೆ ಹೇಳಬೇಕಾದ ಮಾತು ಹೇಳಿದಳು.

“ನಿಮ್ಮವ್ವ ನಿನ್ನ ಒಲ್ಲೆ ಅಂದಾಳ. ನೀ ಇನ್ನ ಆಕೀ ಕಡೆ ಹೋಗೂದಿಲ್ಲ.”

ಕೂಸು ಅವಳ ಭುಜದ ಮೇಲಿಂದ ಹಿಂದೆ ನೋಡಿತು. ಅವ್ವ ಕುಳಿತ ಶೆಡ್ಡು ದೂರವಾಗುತ್ತಿತ್ತು. ಆ ಸಣ್ಣ ಬೆರಳುಗಳು ಪ್ರಣತಿಯ ಅಂಗಿಯನ್ನು ದೂಡಿದವು, ಆಮೇಲೆ ಗೀರಿದವು. ಎಂಥದೋ ಕೀರಲು ಸದ್ದು ಬಂತು, ಅದು ಕೂಸಿನದೇ ಎಂದು ತಿಳಿಯಲು ಪ್ರಣತಿಗೆ ಒಂದು ಗಳಿಗೆ ಹಿಡಿಯಿತು. “ಅವ್ವಾ” ಎಂದು ಅಂಬಿ ಚೀರಿತು. ಆ ಕೂಗು ಇಡೀ ಶಿಬಿರಕ್ಕೆ ಕೇಳಿಸಿತು. ಪಟ್ಟಿ ಹಳದಿಯಾಯಿತು. ಪ್ರಣತಿ ಹಿಂದೆ ನೋಡಲಿಲ್ಲ. ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಹೆಜ್ಜೆ ಬಿರುಸು ಮಾಡಿದಳು. ಅದು ಒದೆಯಿತು, ಮೈಯೆಲ್ಲ ನಡುಗಿತು, ಉಚ್ಚೆ ಹೊಯ್ದುಕೊಂಡಿತು. ಕಿಂಡಿಯ ಮುಂದೆ ಅದರ ಮುಂಗೈಯನ್ನು ಎಳೆದು ಹಿಡಿದಾಗ ಪಟ್ಟಿ ಕೆಂಪಾಗಿತ್ತು. ಒಳಗಿನಿಂದ ಒಂದು ಇಂಪಾದ ದನಿ, ನಿಮ್ಮ ನೋವು ನಮಗೆ ಕೇಳಿಸಿದೆ ಎಂದು ಶುದ್ಧ ಕನ್ನಡದಲ್ಲಿ ಹೇಳಿತು. ಆ ವಾಕ್ಯ ಬರೆದವಳೂ ಪ್ರಣತಿಯೇ. ಪೊಟ್ಟಣ ಹೊರಬಿತ್ತು.

ಗೌರಾಬಾಯಿ ಓಡಿ ಬಂದು ಮಗಳನ್ನು ಕಸಿದುಕೊಂಡಳು. ಅಲ್ಲೇ ನೆಲದ ಮೇಲೆ ಕುಳಿತು ಪೊಟ್ಟಣವನ್ನು ಹಲ್ಲಿನಿಂದ ಹರಿದು, ಬೆರಳಿಗೆ ಹಚ್ಚಿಕೊಂಡು ಕೂಸಿನ ಬಾಯೊಳಗೆ ಸವರಿದಳು. ಅಂಬಿ ಬಿಕ್ಕುತ್ತ ಬಿಕ್ಕುತ್ತ ಚೀಪಿತು. ಅದರ ಕಣ್ಣು ಮಾತ್ರ ಪ್ರಣತಿಯ ಮೇಲೆಯೇ ಇತ್ತು. ಪ್ರಣತಿ ಅಷ್ಟು ಅಂಜಿದ ಕಣ್ಣುಗಳನ್ನು ಎಂದೂ ಕಂಡಿರಲಿಲ್ಲ. ತನ್ನನ್ನು ಕಂಡರೆ ಒಂದು ಜೀವ ಹಾಗೆ ನಡುಗುತ್ತದೆ ಎಂಬುದನ್ನು ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ. ಕಿಂಡಿಯ ಗೋಡೆಗೆ ಒರಗಿ ಬಾಯಿಗೆ ಕೈ ಒತ್ತಿಕೊಂಡು ಅತ್ತಳು.

ಗೌರಾಬಾಯಿ ತಲೆಯೆತ್ತಿ ನೋಡಿದಳು. ಅವಳ ಮುಖದಲ್ಲಿ ನಿಜವಾದ ಕೃತಜ್ಞತೆ ಇತ್ತು.

“ನಾಳಿಗೂ ಬರ್ರಿ ಅಕ್ಕಾರ” ಎಂದಳು. “ಮೂರ್ನಾಕ್ ದಿನ ನಡೀತದ. ಆಮ್ಯಾಲ ನಿಮ್ಮ ಗುರ್ತಾನೂ ಹಿಡೀತಾಳ, ಅಂಜಂಗಿಲ್ಲ. ಅಷ್ಟರಾಗ ಬ್ಯಾರೆ ಯಾರರೆ ಹೊಸಬರು ಸಿಕ್ರ ಕರಕೊಂಡ್ ಬರ್ರಿ.”

ಪ್ರಣತಿ ಕಣ್ಣೊರೆಸಿಕೊಂಡು ತಿರುಗಿದಳು. ಹಿಂದೆ ಸರದಿ ಬೆಳೆದಿತ್ತು. ಹೊಸ ಮುಖದವಳೊಬ್ಬಳು ಬಂದಿದ್ದಾಳೆಂಬ ಸುದ್ದಿ ಅಷ್ಟರಲ್ಲೇ ಶೆಡ್ಡಿನಿಂದ ಶೆಡ್ಡಿಗೆ ಹಬ್ಬಿತ್ತು. ತಾಯಂದಿರು ಹಸಿರು ಪಟ್ಟಿಯ ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು. ಯಾರೂ ನೂಕಾಡುತ್ತಿರಲಿಲ್ಲ, ಏನನ್ನೂ ಕೇಳುತ್ತಿರಲಿಲ್ಲ. ಕಿಂಡಿ ಮುಚ್ಚಲು ಇನ್ನೂ ಸ್ವಲ್ಪ ಹೊತ್ತಿತ್ತು. ಎಲ್ಲಕ್ಕಿಂತ ಮುಂದಿದ್ದವಳು ತನ್ನ ಮಗನ ಕೈಗಳನ್ನು ತನ್ನ ಕೊರಳಿನಿಂದ ಬಿಡಿಸಿ ಅವನನ್ನು ಮುಂದೆ ಹಿಡಿದಳು. ಪ್ರಣತಿ ಕೈ ಚಾಚಿ ಅವನನ್ನು ತೆಗೆದುಕೊಂಡಳು.